ಫೋರ್ಟ್‌ನ ವಕೀಲರ ಆಫೀಸು: ವಿದೇಶದ ಕಸ್ಟಡಿ ಆದೇಶ ಹಿಡಿದು ಓಡಾಡುವವರಿಗೆ

ಅಮೆರಿಕದ ಕೋರ್ಟಿನ ಕಸ್ಟಡಿ ಆದೇಶ ಕೈಯಲ್ಲಿದೆ, ಮಗು ಪುಣೆಯಲ್ಲಿದೆ, ಮುಂದೇನು ಮಾಡೋದು ಅಂತ ತಿಳಿಯದವರು ಮುಂಬೈ ಫೋರ್ಟ್‌ನ ಈ ಆಫೀಸಿಗೆ ಧೈರ್ಯವಾಗಿ ಹೋಗಬಹುದು. ನನ್ನ ತಮ್ಮನ ಕೇಸು ಇಲ್ಲೇ ನಡೆಯುತ್ತಿದೆ.

ಮೊದಲು ಬೇರೊಬ್ಬ ವಕೀಲರನ್ನು ಹಿಡಿದಿದ್ದೆವು. "ಆದೇಶ ಇದೆಯಲ್ಲ, ಜಾರಿಗೆ ಅರ್ಜಿ ಹಾಕಿದರೆ ಪೊಲೀಸರೇ ಮಗುವನ್ನು ತಂದುಕೊಡ್ತಾರೆ" ಅಂತ ಅಡ್ವಾನ್ಸ್ ತೆಗೆದುಕೊಂಡರು. ಮಳೆಗಾಲ ಪೂರ್ತಿ ಕಳೆದರೂ ಏನೂ ಆಗಲಿಲ್ಲ.

ಇಲ್ಲಿ ಮೇಡಂ ಮೊದಲ ದಿನವೇ, ಹಾಗೆಲ್ಲ ಆಗಲ್ಲ ಅಂದರು. ಮಕ್ಕಳನ್ನು ದೇಶ ದಾಟಿಸುವುದರ ಬಗ್ಗೆ 1980ರಲ್ಲಿ ಆದ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶದ ತೀರ್ಪನ್ನು ಇಲ್ಲಿ ನೇರವಾಗಿ ಜಾರಿ ಮಾಡಿಸುವ, ಸಿವಿಲ್ ಪ್ರೊಸೀಜರ್ ಕೋಡ್‌ನ 44ಎ ಸೆಕ್ಷನ್ ಹಣದ ಡಿಕ್ರಿಗೆ (ಹಣ ಕೊಡಿ ಅನ್ನೋ ತೀರ್ಪಿಗೆ) ಮಾತ್ರ, ಅದರ ದೇಶಗಳ ಪಟ್ಟಿಯಲ್ಲಿ ಅಮೆರಿಕವೂ ಇಲ್ಲ. ಹಾಗಾಗಿ ಬಾಂಬೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ ಹಾಕಬೇಕು. ಅಲ್ಲೂ ವಿದೇಶದ ಆದೇಶ ನೋಡಬೇಕಾದ ಸಂಗತಿಗಳಲ್ಲಿ ಒಂದು ಅಷ್ಟೇ, ಮಗುವಿನ ಹಿತವೇ ದೊಡ್ಡದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಹಾಗಂತ ಬಾಗಿಲು ಮುಚ್ಚಿಲ್ಲ. ಒಬ್ಬ ಅಪ್ಪ ಅಮೆರಿಕದಿಂದ ಪುಣೆಗೆ ಕರೆತಂದಿದ್ದ ಹುಡುಗನನ್ನು 1986ರಲ್ಲಿ ಅಮ್ಮನ ಜೊತೆ ವಾಪಸ್ ಕಳಿಸಿದ್ದೂ ಇದೇ ಸುಪ್ರೀಂ ಕೋರ್ಟು. 2022ರಲ್ಲಿ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲೂ ಮಗುವನ್ನು ಅಮೆರಿಕಕ್ಕೆ ಕಳಿಸಲು ಹೇಳಿತು.

ಆಮೇಲೆ ಅವರು ಆದೇಶದ ಫೈಲನ್ನು ಪಕ್ಕಕ್ಕಿಟ್ಟು ತಮ್ಮನನ್ನು ಕೇಳಲು ಶುರು ಮಾಡಿದರು. ಪಾಪು ಅಲ್ಲಿ ಯಾವ ಕ್ಲಾಸಲ್ಲಿದ್ದಳು, ಟೀಚರ್ ಯಾರು, ಮನೇಲಿ ಯಾವ ಭಾಷೆ ಆಡ್ತಾಳೆ, ಜ್ವರ ಬಂದರೆ ಯಾರ ಹತ್ರ ಮಲಗ್ತಾಳೆ, ನೀವು ಕೆಲಸಕ್ಕೆ ಹೋದಾಗ ಯಾರು ನೋಡಿಕೊಳ್ತಾರೆ? ಕೊನೆಯದಕ್ಕೆ ಅವನು ತಡವರಿಸಿದ. "ಜಡ್ಜ್ ಕೇಳೋದೂ ಇದನ್ನೇ, ಮನೆಗೆ ಹೋಗಿ ಸರಿಯಾಗಿ ಯೋಚಿಸಿ ಬನ್ನಿ" ಅಂದರು. ಅವನು ಹೆಂಡತಿಯ ಬಗ್ಗೆ ಸಿಟ್ಟಲ್ಲಿ ಬರೆದುಕೊಂಡು ಬಂದಿದ್ದ ಪುಟಗಳನ್ನು ಅರ್ಜಿಗೆ ಸೇರಿಸಲೇ ಇಲ್ಲ, ಶಾಲೆ ಮತ್ತು ಮಕ್ಕಳ ಡಾಕ್ಟರ ದಾಖಲೆಗಳನ್ನು ಮಾತ್ರ ಹಾಕಿದರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಮೇಡಂ ಮಂಗಳೂರು ಕಡೆಯವರು. ಕನ್ನಡದಲ್ಲೇ ಮಾತಾಡಿದ್ದರಿಂದ ನಮ್ಮ ಅಮ್ಮನಿಗೂ ಎಲ್ಲ ಅರ್ಥವಾಯಿತು, ಮೊಮ್ಮಗಳು ನಾಳೆಯೇ ಬರ್ತಾಳೆ ಅನ್ನೋ ಸುಳ್ಳು ಆಸೆಯನ್ನೂ ಅವರು ಹುಟ್ಟಿಸಲಿಲ್ಲ.

ಕೊರತೆಗಳೂ ಇವೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ, ವಯಸ್ಸಾದವರಿಗೆ ಮೆಟ್ಟಿಲು ಬಹಳ ಕಷ್ಟ. ಗುಮಾಸ್ತರು ಫೋನ್ ಎತ್ತುವುದು ಅಪರೂಪ. ಕೇಸು ಮುಂದಕ್ಕೆ ಹೋದ ದಿನಕ್ಕೂ ಫೀಸು ಇದೆ ಅಂತ ಮೊದಲೇ ಹೇಳಬೇಕಿತ್ತು, ಅದನ್ನು ಬರೆಸಿಕೊಳ್ಳಿ.

ಪಾಪು ಇನ್ನೂ ಪುಣೆಯಲ್ಲೇ ಇದ್ದಾಳೆ. ಆದರೆ ಮಧ್ಯಂತರ ಆದೇಶದಿಂದ ವಿಡಿಯೋ ಕಾಲ್ ಸಿಕ್ಕಿದೆ, ತಮ್ಮ ಮಗಳ ಮುಖ ನೋಡಿ ಮಾತಾಡುತ್ತಿದ್ದಾನೆ. ನೀವು ಹೋಗುವಾಗ ಆದೇಶದ ಜೆರಾಕ್ಸ್ ಸಾಕು ಅಂದುಕೊಳ್ಳಬೇಡಿ. ಅಲ್ಲಿನ ಕೋರ್ಟಿನ ಸರ್ಟಿಫೈಡ್ ಕಾಪಿ ತೆಗೆಸಿ, ಅದಕ್ಕೆ ಅಲ್ಲಿಂದಲೇ ಅಪಾಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶ ಒಪ್ಪಲು ಹಾಕಿಕೊಡುವ ಸರ್ಕಾರಿ ದೃಢೀಕರಣ) ಮಾಡಿಸಿಕೊಂಡು ಬನ್ನಿ. ನಮಗೆ ಜಾಸ್ತಿ ಸಮಯ ಹೋಗಿದ್ದು ಅದಕ್ಕೇ.