ಒಂದೇ ಹಾಡು, ಎರಡು ರೆಕಾರ್ಡ್: ಯಾವ ‘ಶ್-ಬೂಮ್’ ಕೇಳಬೇಕು?

1954ರಲ್ಲಿ ಅಮೆರಿಕದಲ್ಲಿ ‘ಶ್-ಬೂಮ್’ ಹಾಡಿನ ಎರಡು ರೆಕಾರ್ಡ್ ಬಂದವು. ಮೊದಲನೆಯದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಕಪ್ಪು ಹುಡುಗರ ತಂಡ ‘ದಿ ಕಾರ್ಡ್ಸ್’ ಬರೆದು ಹಾಡಿದ್ದು. ಇನ್ನೊಂದು ಕೆನಡಾದ ಟೊರೊಂಟೊದ ಬಿಳಿ ಗಾಯಕರು ‘ದಿ ಕ್ರೂ-ಕಟ್ಸ್’ ಅದನ್ನೇ ಮತ್ತೆ ಹಾಡಿದ್ದು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಎರಡನೆಯದಕ್ಕೆ. ಮೂಲ ಹಾಡೂ ಮೊದಲ ಹತ್ತರೊಳಗೆ ಬಂದಿತ್ತು, ಆದರೆ ಹಾಡಿದವರ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ?

ಕ್ರೂ-ಕಟ್ಸ್ ಅವರದ್ದು ಇಸ್ತ್ರಿ ಮಾಡಿದ ಅಂಗಿಯ ಹಾಗೆ. ದನಿಗಳು ಅಚ್ಚುಕಟ್ಟು, ಹಿಂದೆ ದೊಡ್ಡ ಆರ್ಕೆಸ್ಟ್ರಾ. ಕೇಳೋಕೆ ಹಿತ, ಅಷ್ಟೇ.

ಕಾರ್ಡ್ಸ್ ಅವರದ್ದು ಬೇರೆಯೇ ಲೋಕ. ಅರ್ಥವಿಲ್ಲದ ಅಕ್ಷರಗಳನ್ನೇ ವಾದ್ಯ ಮಾಡಿಕೊಂಡು ಒಬ್ಬರ ದನಿ ಇನ್ನೊಬ್ಬರಿಗೆ ದಾರಿ ಬಿಡುತ್ತದೆ. ಕೆಳಗಿನಿಂದ ಮಂದ್ರದ ದನಿ ಏಳುತ್ತದೆ. ನಡುವೆ ಸ್ಯಾಮ್ ಟೇಲರ್ ಅವರ ಸ್ಯಾಕ್ಸೊಫೋನ್ ಗೊಗ್ಗರು ದನಿಯಲ್ಲಿ ನುಗ್ಗುತ್ತದೆ. ಆ ಕೆಲವು ಸೆಕೆಂಡು ಕೇಳಿದರೆ ರಾಕ್ ಆ್ಯಂಡ್ ರೋಲ್ ಹುಟ್ಟುತ್ತಿರುವುದು ಗೊತ್ತಾಗುತ್ತದೆ. ನನಗಂತೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಹಳೇ ಡಿಸ್ಕ್ ಕೊಳ್ಳುವವರಾದರೆ ‘ಕ್ಯಾಟ್’ ಲೇಬಲ್ ಹುಡುಕಿ, ಅದು ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಯ ಅಂಗಸಂಸ್ಥೆಯಾಗಿತ್ತು. ಮೊದಲ ಮುದ್ರಣದ ಇನ್ನೊಂದು ಬದಿಯಲ್ಲಿ ‘ಕ್ರಾಸ್ ಓವರ್ ದ ಬ್ರಿಡ್ಜ್’ ಇರುತ್ತದೆ. ಗೆಲ್ಲುತ್ತದೆ ಅಂತ ಕಂಪನಿ ನಂಬಿದ್ದು ಆ ಹಾಡನ್ನೇ. ಕ್ರೂ-ಕಟ್ಸ್ ಅವರದ್ದು ಮರ್ಕ್ಯುರಿ ಲೇಬಲ್‌ನಲ್ಲಿದೆ. ಒಂದನ್ನೇ ಕೊಳ್ಳುವುದಾದರೆ, ಯೋಚನೆಯೇ ಬೇಡ, ಕಾರ್ಡ್ಸ್ ಅವರದ್ದನ್ನು ತಗೊಳ್ಳಿ.