ನಾಯಿಯ ಟೂತ್‌ಪೇಸ್ಟ್ ಸರಿ, ಬ್ರಷ್ ಬೇಡ

ಕೋಳಿ ರುಚಿಯ ಎನ್‌ಜೈಮ್ ಪೇಸ್ಟ್ ಒಳ್ಳೆಯದೇ. ಬಟಾಣಿ ಕಾಳಿನಷ್ಟು ಸಾಕು, ನುಂಗಿದರೂ ತೊಂದರೆಯಿಲ್ಲ. ಜೊತೆಗೆ ಕೊಡುವ, ಬೆರಳಿಗೆ ತೊಡುವ ಬ್ರಷ್ ಮಾತ್ರ ದಂಡ: ಎಳೆಗಳು ದಪ್ಪ, ಒಸಡಿನ ಅಂಚಿಗೆ ಇಳಿಯುವುದೇ ಇಲ್ಲ. ಮಡಿಕೇರಿಯ ಜುಲೈ ಮಳೆಯಲ್ಲಂತೂ ಒಣಗದೆ ಒಳಗೆಲ್ಲ ಬೂಷ್ಟು. ಮಕ್ಕಳ ಮೆತ್ತನೆ ಬ್ರಷ್ಷೇ ಮೇಲು. 45 ಡಿಗ್ರಿ ಓರೆಯಾಗಿ ಹಿಡಿದು ಹಲ್ಲಿನ ಹೊರಮೈಯನ್ನು ದಿನಾ ಉಜ್ಜಿ. ಬಿಟ್ಟರೆ ಎರಡು ಮೂರು ದಿನದಲ್ಲೇ ಪಾಚಿ ಕಲ್ಲುಗಟ್ಟುತ್ತದೆ. ಆಮೇಲೆ ಯಾವ ಪೇಸ್ಟೂ ಕೆಲಸಕ್ಕೆ ಬಾರದು, ಅರಿವಳಿಕೆ ಕೊಟ್ಟೇ ಕೆರೆಯಬೇಕು. ಮನುಷ್ಯರ ಪೇಸ್ಟ್ ಹಾಕಲೇಬೇಡಿ. ಕೆಲವದರಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಕಣ್ಣಿನ ಕೆಳಗೆ ಊತ ಕಂಡರೆ ಅದು ಗೆಡ್ಡೆಯೇ ಆಗಿರಬೇಕಿಲ್ಲ. ಮೇಲಿನ ಸಾಲಿನ ದೊಡ್ಡ ದವಡೆಹಲ್ಲಿನ ಬೇರು ಕೀವುಗಟ್ಟಿದರೂ ಅಲ್ಲೇ ಊದುತ್ತದೆ. ಮೊದಲು ಹಲ್ಲಿನ ಎಕ್ಸ್‌ರೇ ತೆಗೆಸಿ.