ಕತೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ: ಒಂದು ಒಟಿಟಿ ಆ್ಯಪ್ ಜೊತೆಗಿನ ಬಾಳ್ವೆ

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಬರೆದರೆ ಅದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ನಿಮ್ಮ ಟಿವಿಯಲ್ಲೂ ಇರುವ ನಾಲ್ಕೈದರಲ್ಲಿ ಒಂದು ಅಂದುಕೊಳ್ಳಿ. ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಜನ ಒಟ್ಟಿಗೆ ನೋಡಬಹುದು ಅನ್ನೋದೆಲ್ಲ ಅವರ ಜಾಹೀರಾತಿನಲ್ಲೇ ಇದೆ. ನನ್ನ ತಕರಾರು ಒಂದು ಸಣ್ಣ ಚೌಕದ ಬಗ್ಗೆ. ಕತೆ ಮುಗಿಯುತ್ತಿದ್ದಂತೆ ಪರದೆಯ ಬಲಮೂಲೆಯಲ್ಲಿ ‘ಮುಂದಿನ ಸಂಚಿಕೆ’ ಅಂತ ಬಂದು ಐದು, ನಾಲ್ಕು, ಮೂರು ಅಂತ ಎಣಿಸುತ್ತಲ್ಲ, ಅದರ ಬಗ್ಗೆ.

ಮೊದಲು ನಮ್ಮ ಮನೆಯ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಗಂಡ, ಹತ್ತನೇ ಕ್ಲಾಸಿನ ಮಗ, ಧಾರವಾಡದಿಂದ ಬಂದು ನಮ್ಮ ಜೊತೆಗೇ ಉಳಿದ ಅತ್ತೆ. ನನ್ನ ಆಫೀಸ್ ಘಾಟ್‌ಕೋಪರ್‌ನಲ್ಲಿ. ಲೋಕಲ್‌ನಲ್ಲಿ ನಿಂತೇ ಬಂದು, ಸ್ಟೇಷನ್ ಹೊರಗೆ ಮೆಂತ್ಯ ಸೊಪ್ಪು ತಗೊಂಡು, ಮನೆ ಮುಟ್ಟಿ, ಊಟ ಮುಗಿಸಿ, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟು ಕೂರುವಾಗ ರಾತ್ರಿ ಹತ್ತು. ಮಗ ಒಳಗೆ ಓದುತ್ತಿರುತ್ತಾನೆ ಅಥವಾ ಓದುತ್ತಿರುವಂತೆ ಇರುತ್ತಾನೆ. ಗಂಡ ಆಗಲೇ ಅರ್ಧ ನಿದ್ದೆಯಲ್ಲಿ. ಅತ್ತೆ ಸೋಫಾದ ಆ ತುದಿ, ನಾನು ಈ ತುದಿ, ನಡುವೆ ಭಡಂಗ್, ಅಂದರೆ ಖಾರದ ಮಂಡಕ್ಕಿ, ಡಬ್ಬಿ. ಟ್ಯೂಬ್‌ಲೈಟ್ ಆರಿಸಿ ದೇವರ ಮುಂದಿನ ಸಣ್ಣ ಬಲ್ಬ್ ಮಾತ್ರ ಉಳಿಸುತ್ತೇವೆ. ದೆವ್ವದ ಕತೆಗೆ ಅಷ್ಟು ಬೆಳಕು ಸರಿಯಾಗುತ್ತದೆ. ಅತ್ತೆಯ ಧೈರ್ಯಕ್ಕೂ.

ನನಗೆ ಸಿಗುವುದು ಅರ್ಧ ಗಂಟೆ. ಹತ್ತು ಸಂಚಿಕೆ ಎಳೆಯುವ ಸರಣಿ ನನಗೆ ಒಗ್ಗಲ್ಲ. ಮೂರನೇ ಸಂಚಿಕೆಗೆ ಬರುವಾಗ ಮೊದಲನೆಯದರಲ್ಲಿ ಸತ್ತವನು ಯಾರು ಅಂತಲೇ ಮರೆತಿರುತ್ತೇನೆ. ಅದಕ್ಕೇ ಬಿಡಿಬಿಡಿ ಕತೆಗಳ ಸರಣಿ, ಅಂದರೆ ಆಂಥಾಲಜಿ, ನನ್ನ ಪಾಲಿನ ವರ. ಇವತ್ತು ಶುರು, ಇವತ್ತೇ ಮುಕ್ತಾಯ. ನಾಳೆ ಬೇರೆ ಮನೆ, ಬೇರೆ ಜನ, ಬೇರೆ ದೆವ್ವ. ಈ ಆ್ಯಪ್‌ಗೆ ದುಡ್ಡು ಕಟ್ಟಿದ್ದೇ ಅದಕ್ಕೆ. ಇಡೀ ವರ್ಷದ ದುಡ್ಡು ನಾವು ಮೂವರು ಒಮ್ಮೆ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಿಂದು ಬರುವಷ್ಟು. ಕಡಿಮೆಯೇ, ಅಲ್ವಾ? ಕಡಿಮೆ ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

‘ಇನ್‌ಸೈಡ್ ನಂಬರ್ 9’ ಅಂತ ಒಂದು ಬ್ರಿಟಿಷ್ ಸರಣಿ ಇದೆ. 2014ರಿಂದ 2024ರವರೆಗೆ ನಡೆಯಿತು, ಒಟ್ಟು 55 ಸಂಚಿಕೆ. ಬರೆದು ನಟಿಸಿದವರು ಸ್ಟೀವ್ ಪೆಂಬರ್ಟನ್ ಮತ್ತು ರೀಸ್ ಶಿಯರ್‌ಸ್ಮಿತ್. ಇಬ್ಬರೂ ಹಾಸ್ಯದವರು. ಆದರೆ ಇದರಲ್ಲಿ ನಗಿಸುತ್ತಾ ನಗಿಸುತ್ತಾ ಕೊನೆಯ ಎರಡು ನಿಮಿಷದಲ್ಲಿ ಕಾಲ ಕೆಳಗಿನ ನೆಲ ಎಳೆದುಬಿಡುತ್ತಾರೆ. ಮೊದಲ ಸೀಸನ್ನಿನ ಎರಡನೇ ಸಂಚಿಕೆಯಲ್ಲಿ ಮಾತೇ ಇಲ್ಲ ಅನ್ನಬಹುದು. ಇಬ್ಬರು ಕಳ್ಳರು ಒಂದು ದೊಡ್ಡ ಮನೆಗೆ ನುಗ್ಗುತ್ತಾರೆ, ಸದ್ದು ಮಾಡದೆ ಪೇಂಟಿಂಗ್ ಕದಿಯಬೇಕು. ಅಷ್ಟೇ. ಅತ್ತೆಗೆ ಇಂಗ್ಲಿಷ್ ಬರಲ್ಲ. ಉಳಿದ ಸಂಚಿಕೆಗಳನ್ನೆಲ್ಲ ನಾನು ಪಿಸುಗುಟ್ಟುತ್ತಾ ಕನ್ನಡಕ್ಕೆ ತರಬೇಕು. ಇದಕ್ಕೆ ನನ್ನ ಅಗತ್ಯವೇ ಬೀಳಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಭಡಂಗ್ ಗಂಟಲಿಗೆ ಸಿಕ್ಕಿ ಕೆಮ್ಮಿದರು. ಕೊನೆ ಬಂತು. ಅತ್ತೆ ಮುಂದಕ್ಕೆ ಬಾಗಿದರು.

ಚಿತ್ರ ಸಣ್ಣದಾಗಿ ಮೂಲೆಗೆ ಹೋಯಿತು. ಐದು, ನಾಲ್ಕು, ಮೂರು. ಬೇರೆ ಮನೆ, ಬೇರೆ ಜನ, ಜೋರು ಸಂಗೀತ.

“ಮುಗೀತೇನು? ಆಕಿ ಏನಾದ್ಲು? ಇವರ್ಯಾರು ಈಗ ಬಂದ್ರಲಾ?” ಅತ್ತೆ ಕೇಳಿದರು. ನಾನು ರಿಮೋಟ್ ಹುಡುಕುತ್ತಿದ್ದೆ. ಸಿಕ್ಕಿ, ಹಿಂದಕ್ಕೆ ಹೋಗಿ, ಆ ಕೊನೆಯನ್ನು ಮತ್ತೆ ಹಾಕುವಷ್ಟರಲ್ಲಿ ಅದು ಬರೀ ಮಾಹಿತಿಯಾಗಿತ್ತು. ಬೆಚ್ಚಿಬೀಳುವುದು ಎರಡನೇ ಸಲ ಆಗುತ್ತಾ?

ಇದು ಒಂದು ರಾತ್ರಿಯ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಪ್ರತಿ ರಾತ್ರಿ ಇದೇ. ಸೆಟ್ಟಿಂಗ್‌ನಲ್ಲಿ ‘ತಾನಾಗಿ ಮುಂದುವರಿಸು’ ಅನ್ನೋದನ್ನು ಬಂದ್ ಮಾಡಬಹುದು, ಮಾಡಿದ್ದೇನೆ. ಫೋನಿನಲ್ಲಿ ಮಾತು ಕೇಳುತ್ತದೆ. ಟಿವಿಯಲ್ಲಿ ಕೇಳಲ್ಲ. ಅಪ್‌ಡೇಟ್ ಬಂದಾಗಲೆಲ್ಲ ಫೋನಿನಲ್ಲೂ ಹಳೇ ಚಾಳಿಗೆ ಮರಳುತ್ತದೆ. ಗ್ರಾಹಕ ಸೇವೆಯ ಚಾಟ್‌ನಲ್ಲಿ ಒಂದು ಯಂತ್ರ ನನಗೆ ‘ನಿಮ್ಮ ಅನುಭವ ನಮಗೆ ಮುಖ್ಯ’ ಅಂತ ಹೇಳಿ, ಆ್ಯಪ್ ತೆಗೆದು ಮತ್ತೆ ಹಾಕಿ ಅಂದಿತು. ಹಾಕಿದೆ. ಚೌಕವೂ ಮತ್ತೆ ಬಂತು.

ಉದ್ದದ ಸರಣಿಗೆ ಆ ಚೌಕ ಸರಿಯೇ ಇರಬಹುದು. ಬಾಗಿಲು ತಟ್ಟಿದ್ದು ಯಾರು ಅಂತ ತಕ್ಷಣ ಗೊತ್ತಾಗಬೇಕು, ಒತ್ತಿದರೆ ಆಯಿತು. ಬಿಡಿ ಕತೆಗೆ ಮುಂದೆ ಅನ್ನೋದೇ ಇಲ್ಲವಲ್ಲ. ಅದರ ರುಚಿ ಇರುವುದೇ ಮುಗಿದ ಮೇಲಿನ ಆ ಅರ್ಧ ನಿಮಿಷದಲ್ಲಿ. ಕಪ್ಪು ಪರದೆ ಮೇಲೆ ಹೆಸರುಗಳು ಓಡುತ್ತವೆ, ಇಬ್ಬರೂ ಮಾತಾಡಲ್ಲ, ಆಮೇಲೆ ಒಬ್ಬರು “ಅಂದ್ರ ಮೊದಲಿಂದ್ಲೂ ಆಕಿಗೆ ಗೊತ್ತಿತ್ತು” ಅಂತಾರೆ. ಆ ಮಾತಿಗೋಸ್ಕರ ನಾನು ದುಡ್ಡು ಕಟ್ಟುವುದು.

ಈ ಕಾಟ ಶುರುವಾದ ಮೇಲೆ ಯಾವ ಆಂಥಾಲಜಿ ಇದರಿಂದ ಬಚಾವಾಗುತ್ತದೆ ಅಂತ ಗಮನಿಸುವುದೇ ಒಂದು ಚಟವಾಯಿತು. ಅಮೆರಿಕದ ಹಳೇ ಸರಣಿ ‘ದಿ ಟ್ವೈಲೈಟ್ ಝೋನ್’ ಬಚಾವ್. 1959ರಿಂದ 1964ರವರೆಗೆ ಬಂದ 156 ಕತೆಗಳಲ್ಲಿ ಸರಣಿ ಹುಟ್ಟುಹಾಕಿದ ರಾಡ್ ಸರ್ಲಿಂಗ್ ಕೊನೆಗೆ ತನ್ನ ಧ್ವನಿಯಲ್ಲಿ ನಾಲ್ಕು ಮಾತು ಹೇಳಿ ಕತೆಯನ್ನು ಕೆಳಗಿಳಿಸುತ್ತಾನೆ. ನೋಡುವವರಿಗೆ ಬೇಕಾದ ಬಿಡುವು ಕತೆಯ ಒಳಗೇ ಇದೆ, ಚೌಕದ ಕೈಗೆ ಸಿಗಲ್ಲ. 2003ರ ಹಿಂದಿ ಚಿತ್ರ ‘ಡರನಾ ಮನಾ ಹೈ’ ಕೂಡ ಬಚಾವ್. ಆರು ಕತೆ, ಆದರೆ ಪ್ರತಿ ಕತೆ ಮುಗಿದ ಮೇಲೆ ಕಾಡಿನಲ್ಲಿ ಬೆಂಕಿ ಸುತ್ತ ಕೂತ ಗೆಳೆಯರ ಹತ್ತಿರ ವಾಪಸ್ ಬರುತ್ತೇವೆ. ಅವರು ನಮ್ಮ ಪರವಾಗಿ ಬೆಚ್ಚಿ, ತಮಾಷೆ ಮಾಡಿ, ಉಸಿರು ಬಿಡುತ್ತಾರೆ. ನಮ್ಮ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ವಂತೂ 1976ರದ್ದು. ಮೂರು ಕತೆ, ಒಂದೇ ಸಿನಿಮಾ. ರಜನಿಕಾಂತ್ ಇನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದಾಗ ‘ಮುನಿತಾಯಿ’ ಕತೆಯಲ್ಲಿ ಮೈ ಜುಮ್ಮೆನ್ನಿಸುವ ಹಾಗೆ ಕೆಟ್ಟವನಾಗಿದ್ದಾರೆ. ದೆವ್ವದ ಕತೆ ಅಲ್ಲ, ಆದರೂ ನನಗೆ ಯಾವ ದೆವ್ವಕ್ಕಿಂತ ಜಾಸ್ತಿ ಹೆದರಿಕೆಯಾಗಿದ್ದು ಅದರಲ್ಲೇ. ಅದೇ ಹೆಸರಿಟ್ಟುಕೊಂಡು 2019ರಲ್ಲಿ ಏಳು ನಿರ್ದೇಶಕರ ಏಳು ಕತೆ ಬಂತು. ಒಂದೇ ಸಿನಿಮಾ ಆಗಿರುವುದರಿಂದ ಅದಕ್ಕೂ ಚೌಕ ಇಲ್ಲ.

ಇನ್ನು ಜಾಹೀರಾತು. ಕಡಿಮೆ ದುಡ್ಡಿನ ಗುಟ್ಟು ಇದು. ಜಾಹೀರಾತು ಬೇಡ ಅಂದರೆ ಹೆಚ್ಚು ಕಟ್ಟಬೇಕು, ಅದು ನಮ್ಮ ಬಜೆಟ್‌ನಲ್ಲಿ ಇಲ್ಲ. ಮಗನ ಕ್ಲಾಸಿನ ಫೀಸು ಇದೆ. ಹಾಗಾಗಿ ಜಾಹೀರಾತು ಬರುತ್ತದೆ ಅನ್ನೋದಕ್ಕೆ ನನ್ನ ತಕರಾರಿಲ್ಲ. ಎಲ್ಲಿ ಬರುತ್ತದೆ ಅನ್ನೋದಕ್ಕಿದೆ. ಒಬ್ಬಳು ಕತ್ತಲ ಮೆಟ್ಟಿಲು ಇಳಿಯುತ್ತಾಳೆ, ಮೂರನೇ ಮೆಟ್ಟಿಲಲ್ಲಿ ಮಾತಿನ ನಡುವೆಯೇ ಕಡಿದು ಬಾತ್‌ರೂಮ್ ಕ್ಲೀನರ್. ಟಿವಿಯಲ್ಲೂ ಜಾಹೀರಾತು ಇತ್ತಲ್ಲ ಅಂತ ಗಂಡ ಕೇಳುತ್ತಾರೆ. ಇತ್ತು. 1993ರಲ್ಲಿ ರಾಮ್ಸೆ ಸಹೋದರರ ‘ಝೀ ಹಾರರ್ ಶೋ’ ಶುರುವಾದಾಗಲೂ ಇತ್ತು. ಆದರೆ ಅವರಿಗೆ ಬ್ರೇಕ್ ಬರುತ್ತದೆ ಅಂತ ಗೊತ್ತಿತ್ತು. ಬಾಗಿಲು ಕಿರ್ ಅಂತ ತೆರೆದು, ಹೆಗಲ ಮೇಲೆ ಕೈ ಬಿದ್ದ ಮೇಲೇ ಬ್ರೇಕ್. ನೀರು ಕುಡಿದು ಬರುವವರೆಗೂ ಆ ಕೈ ಹೆಗಲ ಮೇಲೇ ಇರುತ್ತಿತ್ತು. ಇಲ್ಲಿ ಯಂತ್ರ ಗಡಿಯಾರ ನೋಡಿ ಕತ್ತರಿಸುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಮಳೆಯಲ್ಲೇ ನಡೆಯುವ ಹಿಂದಿ ಹಾರರ್ ಸಿನಿಮಾ ‘ತುಂಬಾಡ್’ ಮತ್ತೆ ಥಿಯೇಟರಿಗೆ ಬಂತು. 2018ರಲ್ಲಿ ಬಂದಾಗ ಹೆಚ್ಚು ಜನ ನೋಡಿರಲಿಲ್ಲ. ಈ ಸಲ ಮೊದಲ ಬಿಡುಗಡೆಗಿಂತ ಜಾಸ್ತಿ ದುಡ್ಡು ಮಾಡಿತು. ನಾನು ಥಾಣೆಯಲ್ಲಿ ನೋಡಿದೆ. ಹೊರಗೂ ಮಳೆ, ಒಳಗೂ ಮಳೆ. ಯಾರೂ ಎಣಿಸುವುದಿಲ್ಲ, ಯಾರೂ ಕತ್ತರಿಸುವುದಿಲ್ಲ. ಮನೆಯಲ್ಲಿ ಒಮ್ಮೆ ನೋಡಿದವರೆಲ್ಲ ಟಿಕೆಟ್ ಕೊಂಡು ಯಾಕೆ ಹೋದರು ಅಂತ ನನಗೇನೂ ಆಶ್ಚರ್ಯವಾಗಲಿಲ್ಲ.

ಇಷ್ಟು ಬೈದ ಮೇಲೂ ದುಡ್ಡು ಕಟ್ಟುತ್ತಾ ಇದ್ದೇನಲ್ಲ? ಅದಕ್ಕೆ ಕಾರಣ ಆ್ಯಪ್‌ನ ತೀರಾ ಕೆಳಗಿನ ಸಾಲು. ಅಲ್ಲಿಗೆ ಯಾರೂ ಹೋಗಲ್ಲ. ಕನ್ನಡ ಅಂತ ಹುಡುಕಿದರೆ ಮೊದಲು ಬರುವುದು ಡಬ್ಬಿಂಗ್ ಆದ ತೆಲುಗು. ಕನ್ನಡ ಲಿಪಿಯಲ್ಲಿ ಹೆಸರು ಟೈಪ್ ಮಾಡಿದರೆ ಏನೂ ಬರಲ್ಲ. ರಿಮೋಟ್‌ನಲ್ಲಿ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಹೋದರೆ ಹಳೇ ಸಿನಿಮಾಗಳ ಒಂದು ರಾಶಿ ಇದೆ. ಪ್ರಿಂಟ್ ಗೀರುಗೀರು, ಧ್ವನಿ ಬಾವಿಯೊಳಗಿಂದ ಬಂದ ಹಾಗೆ. ಭಾನುವಾರ ಮಧ್ಯಾಹ್ನ ಅತ್ತೆಗೆ ಅದೇ ಬೇಕು. ಹಾಸ್ಯನಟ ನರಸಿಂಹರಾಜು ಬಂದರೆ ಸಾಕು, ಅಡುಗೆಮನೆಯಲ್ಲಿದ್ದರೂ “ಬಾರವಾ, ಬಂದ ನೋಡು” ಅಂತ ಕರೆಯುತ್ತಾರೆ. 1954ರಲ್ಲಿ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆಗೆ ಬಂದವರು, 1979ರಲ್ಲಿ ತೀರಿಕೊಂಡರು. ನನ್ನ ಮಗನಿಗೆ ಹೆಸರೂ ಗೊತ್ತಿರಲಿಲ್ಲ. ಈಗ ಆ ಉಬ್ಬುಹಲ್ಲಿನ ನಗು ಬಂದಾಗ ಬಾಗಿಲ ಹತ್ತಿರ ನಿಂತು ನೋಡಿ ಹೋಗುತ್ತಾನೆ.

ಹಳೇ ದೆವ್ವದ ಸಿನಿಮಾಗಳಲ್ಲಿ ಬರುವ ಹಾಸ್ಯದವರನ್ನು ಮೊದಲೆಲ್ಲ ಓಡಿಸಿಬಿಡುತ್ತಿದ್ದೆ. 1984ರ ರಾಮ್ಸೆಗಳ ‘ಪುರಾನಾ ಮಂದಿರ್’ನಲ್ಲಿ ಸಾಮ್ರಿ ಅನ್ನೋ ರಾಕ್ಷಸನ ಆ ಉದ್ದ ಮುಖ ನೋಡಿ ಹೆದರಿ ಕೂತಿರುವಾಗ ಜಗದೀಪ್ ಬಂದು ‘ಶೋಲೆ’ಯ ಅಣಕ ಮಾಡುತ್ತಾರೆ. ಕತೆಗೂ ಅದಕ್ಕೂ ಸಂಬಂಧವಿಲ್ಲ. ಜೋಕುಗಳು ಹಳಸಿವೆ. ಆದರೆ ಈ ಆ್ಯಪ್‌ನ ಸಹವಾಸದ ನಂತರ ನನಗೆ ಜಗದೀಪ್ ಮೇಲೆ ಗೌರವ ಹೆಚ್ಚಿದೆ. ಹೆದರಿದವರಿಗೆ ಸ್ವಲ್ಪ ಬಿಡುವು ಬೇಕು ಅಂತ ಯಾರೋ ಯೋಚಿಸಿ, ಆ ಬಿಡುವನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟಿದ್ದಾರೆ. ಬಾತ್‌ರೂಮ್ ಕ್ಲೀನರ್ ಕೈಗಲ್ಲ.

ಮತ್ತೆ ದ್ವಾರಕೀಶ್. 1969ರಲ್ಲಿ ‘ಮೇಯರ್ ಮುತ್ತಣ್ಣ’ ನಿರ್ಮಿಸಿದ ಕರ್ನಾಟಕದ ಕುಳ್ಳ. ಆಮೇಲೆ ಗೆದ್ದರು, ಸೋತರು, ಸಾಲ ಮಾಡಿದರು. ಅವರ ಕಾಲ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ 2004ರಲ್ಲಿ ‘ಆಪ್ತಮಿತ್ರ’ ತೆಗೆದರು. ಮಲಯಾಳಂನ 1993ರ ಕತೆ, ಪಿ. ವಾಸು ನಿರ್ದೇಶನ, ದೂರವಾಗಿದ್ದ ವಿಷ್ಣುವರ್ಧನ್ ಜೊತೆ ಮತ್ತೆ ಕೈಜೋಡಿಸಿದ್ದು. ಸಿನಿಮಾ ತೆರೆಗೆ ಬರುವ ಮೊದಲೇ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಗಾಗಿ ಅವರು ಮಾಡಿದ ಆ ನಾಗವಲ್ಲಿಯನ್ನು ನೋಡುವಾಗ ಆಗುವ ಹೆದರಿಕೆಯೇ ಬೇರೆ. ಮಸುಕಾಗುತ್ತಿದ್ದ ಹಾಸ್ಯನಟನೊಬ್ಬನನ್ನು ಒಂದು ದೆವ್ವದ ಕತೆ ಎತ್ತಿ ನಿಲ್ಲಿಸಿತು. 2024ರ ಏಪ್ರಿಲ್‌ನಲ್ಲಿ ಅವರು ಹೋದಾಗ ಅತ್ತೆ ಮತ್ತೆ ಅದನ್ನೇ ಹಾಕಿಸಿದರು. ಆವತ್ತೂ ಜಾಹೀರಾತು ಬಂತು, ಆದರೆ ಅತ್ತೆಗೆ ಸಂಭಾಷಣೆ ಬಾಯಿಪಾಠ. ಕಡಿದಲ್ಲಿಂದ ತಾವೇ ಮುಂದುವರಿಸಿದರು.

ಇವರಿಗೆ ಹೋಲಿಸಿದರೆ ಅದೇ ಆ್ಯಪ್‌ನ ಮೇಲಿನ ಸಾಲಿನಲ್ಲಿ ದೊಡ್ಡ ಫೋಟೋ ಹಾಕಿಸಿಕೊಂಡ ಸ್ಟ್ಯಾಂಡಪ್‌ಗಳು ನನಗೆ ಬೇಗ ಹಳತಾದವು. ಹೆಂಡತಿ, ವಿಮಾನ, ದಿಲ್ಲಿಗೂ ಮುಂಬೈಗೂ ಇರುವ ವ್ಯತ್ಯಾಸ. ಎರಡನೇ ಕಾರ್ಯಕ್ರಮದಲ್ಲೂ ಅವೇ. ಒಂದು ಗಂಟೆ ಒಬ್ಬರೇ ನಿಂತು ಮಾತಾಡುವುದು ಕಷ್ಟ, ಒಪ್ಪುತ್ತೇನೆ. ಆದರೂ ನರಸಿಂಹರಾಜು ಎರಡು ನಿಮಿಷ ಬಂದು ಹೋಗುತ್ತಿದ್ದರು, ಇನ್ನೂ ಬೇಕಿತ್ತು ಅನ್ನಿಸುತ್ತಿತ್ತು.

ಇನ್ನೆರಡು ಸಣ್ಣ ವಿಷಯ. ದೆವ್ವದ ಸಿನಿಮಾ ಒಂದು ನೋಡಿದರೆ ಮುಖಪುಟವೆಲ್ಲ ರಕ್ತ. ಬೆಳಿಗ್ಗೆ ಭಜನೆ ಹಾಕಲು ಟಿವಿ ಹಚ್ಚಿದ ಅತ್ತೆ “ರಾಮ ರಾಮ” ಅಂತ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ, ಅದು ಸಲೀಸು. ಮತ್ತೆ ಧ್ವನಿ. ಪಿಸುಮಾತು ಕೇಳಲ್ಲ, ಕಿರುಚಾಟಕ್ಕೆ ಕೆಳಗಿನ ಮನೆಯವರು ಏಳುತ್ತಾರೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ನೈಟ್ ಮೋಡ್’ ಇದ್ದರೆ ಹಾಕಿ. ನಮ್ಮದರಲ್ಲಿ ಇಲ್ಲ, ಹಾಗಾಗಿ ಹೆಬ್ಬೆರಳು ಯಾವಾಗಲೂ ವಾಲ್ಯೂಮ್ ಮೇಲೆ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಆ ಕೆಳಗಿನ ಸಾಲಿಗೆ. ಉದ್ದದ ಸರಣಿ ನೋಡುವವರು ಕಣ್ಣುಮುಚ್ಚಿ ತಗೊಳ್ಳಿ, ನಿಮಗೆ ಏನೂ ತೊಂದರೆಯಿಲ್ಲ. ಬಿಡಿ ಕತೆಯವರು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆದು, ತಂತಿ ಹಾಕಿ ಟಿವಿಗೆ ಜೋಡಿಸಿ ನೋಡಿ. ಅಲ್ಲಿ ಚೌಕ ಬಂದ್ ಮಾಡಿದರೆ ಬಂದ್ ಆಗಿಯೇ ಇರುತ್ತದೆ. ಮಗನ ಪರೀಕ್ಷೆ ಮುಗಿದು ಲ್ಯಾಪ್‌ಟಾಪ್ ನನ್ನ ಕೈಗೆ ಬರುವವರೆಗೆ ಈ ಸಲ ವರ್ಷದ ಪ್ಲಾನ್ ಬಿಟ್ಟು ತಿಂಗಳದ್ದು ಹಾಕಿಸಿದ್ದೇನೆ.